ದೇವರ ಟಗರು, ಸರ್ಕಾರದ ಟಗರು

ನಮ್ಮ ಮನೆಯಲ್ಲಿ ಹೊಡೆಯುವುದಕ್ಕೆ ಯಾರೂ ಕಾರಣ ಹುಡುಕುತ್ತಿರಲಿಲ್ಲ, ಕೈಗೆ ಏನು ಸಿಗುತ್ತದೆ ಎಂದಷ್ಟೇ ಹುಡುಕುತ್ತಿದ್ದರು. ಅಪ್ಪನಿಗೆ ಕುರಿ ಕಾಯುವ ಕೋಲು, ಅವ್ವನಿಗೆ ಊದುಗೊಳವೆ. ಅಜ್ಜಿಗೆ ಕೋಲು ಬೇಕಿರಲಿಲ್ಲ, ಬಾಯಿ ಸಾಕಿತ್ತು. ಕೊಟ್ಟೂರಿನಿಂದ ಕೂಡ್ಲಿಗಿಯ ಕಡೆಗೆ ಬರುವ ದಾರಿಯಲ್ಲಿ, ಬಸ್ಸು ನಿಂತರೂ ನಿಲ್ಲದಂತೆ ಹೊರಟುಬಿಡುವ ಒಂದು ಊರು ನಮ್ಮದು. ಮಣ್ಣಿನ ಮಾಳಿಗೆಯ ಮನೆ. ಮುಂದಿನ ಪಡಸಾಲೆಯಲ್ಲಿ ಅಜ್ಜಿಯ ರಾಟಿ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಮುಳ್ಳುಬೇಲಿ ಕಟ್ಟಿದ ಕುರಿರೊಪ್ಪ. ಕುರಿಗಳಿಗೂ ನಮಗೂ ನಡುವೆ ಒಂದೇ ಗೋಡೆ. ಆ ಕಡೆ ಅವು ಕೆಮ್ಮಿದರೆ ಈ ಕಡೆ ನಾವು ಏಳುತ್ತಿದ್ದೆವು. ಊಟದ ಗಂಗಾಳದಲ್ಲಿ ಒಂದು ತುಪ್ಪಟದ ಎಳೆ ಸಿಕ್ಕದ ದಿನ ನನಗೆ ನೆನಪಿಲ್ಲ. ಕುರಿಯ ಮೈಮೇಲಿನ ಕೂದಲಿಗೆ ನಾವು ತುಪ್ಪಟ ಎನ್ನುತ್ತಿದ್ದೆವು. ಅದನ್ನು ಅಜ್ಜಿ ನೂಲುತ್ತಿದ್ದಳು, ನೂಲು ಎದುರು ಓಣಿಯ ಮಗ್ಗಕ್ಕೆ ಹೋಗುತ್ತಿತ್ತು, ಕರಿ ಕಂಬಳಿಯಾಗಿ ಮನೆಗೆ ಬರುತ್ತಿತ್ತು. ಬಂದ ಕಂಬಳಿಗೆ ಹುಣಸೆ ಬೀಜದ ಗಂಜಿ ಕುದಿಸಿ ಬಳಿಯುವ ಕೆಲಸ ಅವ್ವನದು ಮತ್ತು ನನ್ನದು. ಆ ಗಂಜಿ ಕೈಗೆ ಹತ್ತಿದರೆ ಎರಡು ದಿನ ಬಿಡದು. ಅಂಟಿದ ಕೈಯಲ್ಲೇ ರೊಟ್ಟಿ ಮುರಿಯಬೇಕು, ಅಂಟಿದ ಕೈಯಲ್ಲೇ ಪಾಟಿ ಹಿಡಿಯಬೇಕು. ಆಮೇಲೆ ಆಮೇಲೆ ಗಂಜಿ ಬಳಿದ ಕಂಬಳಿಗಳು ಮೂಲೆಯಲ್ಲಿ ಹಾಗೇ ಒಟ್ಟತೊಡಗಿದವು. ಕೊಟ್ಟೂರಿನ ಸಂತೆಗೆ ಹೊತ್ತುಕೊಂಡು ಹೋದ ಅಪ್ಪ ಹೊತ್ತಷ್ಟನ್ನೇ ತರುತ್ತಿದ್ದ. ಜನಕ್ಕೆ ಈಗ ಮೆತ್ತನೆಯ ರಗ್ಗು ಬೇಕು, ಮೈ ಚುಚ್ಚುವ ಕಂಬಳಿ ಯಾರಿಗೂ ಬೇಡ ಎಂದು ಬಂದು ಹೇಳುತ್ತಿದ್ದ. ಹೇಳುವಾಗ ಅವನ ಕೈ ಏನನ್ನಾದರೂ ಹುಡುಕುತ್ತಿತ್ತು. ಸಂತೆಯ ದಿನ ಸಂಜೆ ನಾನು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ನನ್ನ ಹೆಸರಿನಲ್ಲಿ ಒಂದು ಟಗರು ಇತ್ತು. ನಾನು ಹಾಲು ಕುಡಿಯುವ ಕೂಸಾಗಿದ್ದಾಗ ಉಸಿರು ಕಟ್ಟಿ ಮೈ ನೀಲಿಯಾಗಿತ್ತಂತೆ. ಅವ್ವ ನನ್ನನ್ನು ಮಡಿಲಲ್ಲಿ ಹಾಕಿಕೊಂಡು, "ಇದನ್ನ ಉಳಿಸು, ನಿನಗ ಒಂದು ಟಗರು ಬಿಡ್ತೀನಿ" ಎಂದು ಮೈಲಾರಲಿಂಗನಿಗೆ ಹರಕೆ ಹೊತ್ತಳು. ನಾನು ಉಳಿದೆ. ಬಿಟ್ಟ ಟಗರು ಮುದಿಯಾದರೆ ಅದನ್ನು ಮೈಲಾರಕ್ಕೆ ಮುಟ್ಟಿಸಿ ಅದರ ಜಾಗಕ್ಕೆ ಇನ್ನೊಂದು ಮರಿ ಬಿಡುವುದು ನಮ್ಮ ಮನೆಯ ರೂಢಿ. ಹಾಗೆ ಬಂದ ಎರಡನೆಯದು ಈ ಟಗರು. ದೇವರಿಗೆ ಬಿಟ್ಟದ್ದಕ್ಕೆ ಕತ್ತರಿ ತಾಗಿಸುವಂತಿಲ್ಲ, ಅದರ ತುಪ್ಪಟ ಮೊಳಕಾಲಿನ ತನಕ ಜೋತು ಬಿದ್ದಿತ್ತು. ಮಾರುವಂತಿಲ್ಲ, ಹೊಡೆಯುವಂತಿಲ್ಲ, ಬೀಜ ಒಡೆಸುವಂತಿಲ್ಲ. ಸೋಮವಾರಕ್ಕೊಮ್ಮೆ ಹಣೆಗೆ ಭಂಡಾರದ ಅರಿಸಿನ ಹಚ್ಚಬೇಕು. ಇನ್ನೊಂದು ಕಟ್ಟಳೆ ನನಗೆ ಮಾತ್ರ ಸೇರಿದ್ದು. ಯಾರ ಹೆಸರಿನಲ್ಲಿ ಟಗರು ಬಿಟ್ಟಿದ್ದಾರೋ ಅವರು ದಿನದ ಮೊದಲ ರೊಟ್ಟಿಯನ್ನು ಅದಕ್ಕೆ ತಿನ್ನಿಸದೆ ತಾವು ಬಾಯಿಗೆ ಏನೂ ಹಾಕುವಂತಿಲ್ಲ. ಮಳೆ ಬರಲಿ, ಜ್ವರ ಬರಲಿ, ಬೆಳಗ್ಗೆ ಬಿಸಿ ರೊಟ್ಟಿ ಹಿಡಿದು ನಾನು ಅದರ ಮುಂದೆ ನಿಲ್ಲಲೇಬೇಕಿತ್ತು. "ನಿನ್ನ ಉಸಿರು ಅದರಾಗ ಐತಿ, ಮರೀಬ್ಯಾಡ" ಎನ್ನುತ್ತಿದ್ದಳು ಅವ್ವ. ನಾನು ಮರೆಯಲಿಲ್ಲ. ಅದು ಓಡಿದರೆ ನನಗೆ ಏದುಸಿರು ಬಂದಂತೆ ಅನ್ನಿಸುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಕೈಯೆತ್ತಬಾರದ ಜೀವ ಅದೊಂದೇ. ನಿಜ ಹೇಳುತ್ತೇನೆ, ಅದರ ಮೇಲೆ ನನಗೆ ಹೊಟ್ಟೆಕಿಚ್ಚೂ ಇತ್ತು.

ನನಗೆ ಹನ್ನೊಂದು ತುಂಬಿದ ವರ್ಷ ಸರ್ಕಾರದವರು ಬಂದರು. ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ಕುರಿ ಸಾಕುವವರನ್ನೆಲ್ಲ ಕೂಡಿಸಿ ದನದ ಡಾಕ್ಟರು ಮಾತಾಡಿದರು. ದಾವಣಗೆರೆಯ ಕಡೆಯವರು, ತೆಳ್ಳಗಿನ ಮನುಷ್ಯ, ಒಂದೊಂದು ಮಾತಿಗೂ ಕನ್ನಡಕ ತೆಗೆದು ಒರೆಸುತ್ತಿದ್ದರು. ಒರಟು ತುಪ್ಪಟದ ಕಾಲ ಮುಗಿಯಿತು, ಇನ್ನು ಮೆತ್ತನೆಯ ಬಿಳಿ ಉಣ್ಣೆಯ ತಳಿ ಬೆಳೆಸಬೇಕು, ಆಗ ಮಾತ್ರ ಈ ಸೀಮೆಯ ಕುರಿಗಾರ ಉಳಿಯುತ್ತಾನೆ, ಇದು ಅವರು ಹೇಳಿದ್ದರ ಸಾರ. ಸರ್ಕಾರ ಮನೆಗೊಂದು ಬಿಳಿ ಟಗರು ಕೊಡುತ್ತದೆ, ಹತ್ತು ಹೆಣ್ಣು ಕುರಿ ಕೊಡುತ್ತದೆ, ತಗಡಿನ ಶೆಡ್ಡು ಕಟ್ಟಲು ನೆರವು ಕೊಡುತ್ತದೆ. ಒಂದೇ ಶರತ್ತು: ಮಂದೆಯಲ್ಲಿರುವ ನಾಟಿ ಟಗರು ಅಷ್ಟಕ್ಕೂ ಬೀಜ ಒಡೆಸಬೇಕು. ಒಂದು ಉಳಿದರೂ ತಳಿ ಕೆಡುತ್ತದೆ, ಪಟ್ಟಿಯಿಂದ ಹೆಸರು ಹೋಗುತ್ತದೆ. ಎಲ್ಲರೂ ನೆಲ ನೋಡುತ್ತ ಕೂತಿದ್ದಾಗ ಅಪ್ಪ ಎದ್ದು ನಿಂತು ಮೊದಲ ಸಹಿ ಹಾಕಿದ. ಕಂಬಳಿ ಹೊತ್ತು ಹೊತ್ತು ಬಗ್ಗಿದ್ದ ಅವನ ಬೆನ್ನು ಆ ದಿನ ನೆಟ್ಟಗಿತ್ತು. ಮನೆಗೆ ಬಂದವನೇ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಕರಿ ಕಂಬಳಿಯೇ ದೇವರು ಎನ್ನುತ್ತಿದ್ದ ಅಜ್ಜಿ ಒಲ್ಲೆ ಎನ್ನುತ್ತಾಳೆ ಎಂದು ನಾನು ಕಾದೆ.

"ತಗೊಳ್ಳೋ ತಮ್ಮಾ. ನಮ್ಮಪ್ಪ ಮೈಲಾರನೂ ಕಂಬಳಿ ಹೊದಿಯೋದು ಬಿಟ್ಟು ರಗ್ಗು ಹೊದಿಯಾಕ ಹತ್ತ್ಯಾನ. ನಂದೇನು, ನನಗ ನೂಲು ಬಂದ್ರ ಆತು."

"ಎಲ್ಲಾ ಟಗರು ಅಂದ್ರ?" ಎಂದು ಅಡುಗೆಮನೆಯ ಬಾಗಿಲಿನಿಂದ ಅವ್ವ ಕೇಳಿದಳು. ಅವಳು ಇನ್ನೊಮ್ಮೆ ಕೇಳಿದಾಗ ತಾಮ್ರದ ಚೆಂಬು ಹಾರಿ ಬಂದು ಬಾಗಿಲ ಚೌಕಟ್ಟಿಗೆ ಬಡಿಯಿತು. ಆ ಚೆಂಬು ನಗ್ಗಿದ್ದು ಹಾಗೆ. ಈಗಲೂ ನನ್ನ ಮನೆಯಲ್ಲಿದೆ.

ಬೀಜ ಒಡೆಯುವ ದಿನ ಡಾಕ್ಟರು ಉದ್ದ ಹಿಡಿಕೆಯ ಕಬ್ಬಿಣದ ಇಕ್ಕಳ ತಂದರು. ರಕ್ತ ಬರುವುದಿಲ್ಲ, ಚರ್ಮ ಹರಿಯುವುದಿಲ್ಲ, ಒಳಗಿನ ನರ ಮಾತ್ರ ಜಜ್ಜಿ ಹೋಗುತ್ತದೆ ಎಂದು ನಮಗೆ ತಿಳಿಸಿ ಹೇಳಿದರು. ಅಪ್ಪ ಒಂದೊಂದನ್ನೇ ಕುಂಡಿಯ ಮೇಲೆ ಕೂರಿಸಿ, ಬೆನ್ನನ್ನು ತನ್ನ ಎದೆಗೆ ಒತ್ತಿಕೊಂಡು, ಹಿಂಗಾಲು ಎತ್ತಿ ಹಿಡಿದ. ಡಾಕ್ಟರು ಇಕ್ಕಳ ಹಾಕಿ ಅಮುಕಿದರು. ಕಟಕ್. ಎಡಕ್ಕೊಂದು, ಬಲಕ್ಕೊಂದು. ಟಗರು ಅರಚುವುದಿಲ್ಲ, ಹಲ್ಲು ಕಡಿಯುತ್ತದೆ. ಬಿಟ್ಟಮೇಲೆ ಹಿಂಗಾಲು ಅಗಲಿಸಿ ನಾಲ್ಕು ಹೆಜ್ಜೆ ಹೋಗಿ ನಿಂತುಬಿಡುತ್ತದೆ. ಹಾಗೆ ಏಳು ಟಗರುಗಳು ರೊಪ್ಪದ ಒಂದು ಮೂಲೆಯಲ್ಲಿ ನಿಂತವು. ಎಂಟನೆಯದಕ್ಕೆ ಅಪ್ಪ ಕೈ ಹಾಕಿದಾಗ ಅವ್ವ ಕುಡುಗೋಲು ಹಿಡಿದು ಅಡ್ಡ ನಿಂತಳು. ಅವಳ ತಲೆಯ ಮೇಲಿನ ಸೆರಗು ಜಾರಿತ್ತು. ಪರಪುರುಷರ ಮುಂದೆ ಅವಳ ಸೆರಗು ಜಾರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಇದು ನನ್ನ ಮಗಳ ಜೀವರಿ. ಇದನ್ನ ಮುಟ್ಟಿದ್ರ ಯಾರ ಕೈಯಾದ್ರೂ ಬಿಡಾಂಗಿಲ್ಲ ನಾನು. ಸರ್ಕಾರದ್ದಾದ್ರೂ ಸರಿ, ಗಂಡಂದಾದ್ರೂ ಸರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ನಮ್ಮ ಮನೆಯಲ್ಲೂ ದೇವರಿದ್ದಾನೆ. ಆದ್ರೆ ಫಾರಂನಲ್ಲಿ ದೇವರಿಗೆ ಕಾಲಂ ಇಲ್ಲ. ಸದ್ಯ ಹಿಂದುಗಡೆ ಬೇರೆ ಕಟ್ಟಿ. ಒಂದು ತಿಂಗಳಿಗೆ ಮತ್ತೆ ನೋಡೋಕೆ ಬರ್ತೀನಿ. ಆಗಲೂ ಹೀಗೇ ಇದ್ರೆ ಬರೀಲೇಬೇಕಾಗುತ್ತೆ ನಾನು."

ಅವರು ಹೋದಮೇಲೆ ಅಪ್ಪ ಅವ್ವನನ್ನು ರೊಪ್ಪದ ಬೇಲಿಯ ಮೇಲೆ ನೂಕಿದ. ಅವಳ ಬೆನ್ನಿನಿಂದ ಜಾಲಿಯ ಮುಳ್ಳುಗಳನ್ನು ನಾನು ದೀಪ ಹಚ್ಚುವ ಹೊತ್ತಿನ ತನಕ ಕಿತ್ತೆ. ಅಜ್ಜಿ ರಾಟಿ ನಿಲ್ಲಿಸದೆ ಬೈಯುತ್ತಲೇ ಇದ್ದಳು. ಯಾರನ್ನು ಎಂದು ತಿಳಿಯಲಿಲ್ಲ.

ಬಿಳಿ ಟಗರೊಂದೇ ಮೊದಲು ಟೆಂಪೋದಲ್ಲಿ ಬಂತು, ಹೆಣ್ಣು ಕುರಿ, ಶೆಡ್ಡು ಆಮೇಲೆ ಎಂದಿದ್ದರು. ಊರೆಲ್ಲ ಕೂಡಿತ್ತು. ಅಷ್ಟು ದಪ್ಪ, ಅಷ್ಟು ಬೆಳ್ಳಗಿನ ಕುರಿಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಿವಿಯಲ್ಲಿ ನಂಬರಿನ ಬಿಲ್ಲೆ. ಉಣ್ಣೆ ಮುಖದ ಮೇಲೂ ಬೆಳೆದು ಕಣ್ಣು ಮುಚ್ಚಿತ್ತು. ಮುಂದೆ ಏನಿದೆ ಎಂದು ಅದಕ್ಕೆ ಕಾಣುತ್ತಿರಲಿಲ್ಲ, ಗೋಡೆಗೆ ಮೂತಿ ಮುಟ್ಟಿಸಿಕೊಂಡೇ ತಿರುಗುತ್ತಿತ್ತು. ಅಪ್ಪ ಅದಕ್ಕೆ ಕಡಲೆ ನೆನೆಹಾಕಿದ. ನಾವು ಉಣ್ಣುವ ಮೊದಲು ಅದು ಉಣ್ಣುತ್ತಿತ್ತು. ಅದರ ಕಾಲು ತೊಳೆದ, ಬಿಸಿಲಿಗೆ ಚಪ್ಪರ ಹಾಕಿದ, ನೊಣ ಕೂತರೆ ಟವಲು ಬೀಸಿದ. ನನ್ನನ್ನು ಒಮ್ಮೆಯೂ 'ಅಪ್ಪೀ' ಎನ್ನದವನು ಅದನ್ನು "ಬಾರಪ್ಪೀ, ತಿನ್ನಪ್ಪೀ" ಎಂದು ಕರೆದ. ಅವನ ದನಿಯಲ್ಲಿ ಅಷ್ಟು ಮೆತ್ತಗಿನ ಜಾಗ ಒಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಡಲೆ ತಿನ್ನುವಾಗ ಅದರ ದವಡೆ ಆಡುವುದನ್ನು ನೋಡುತ್ತ ನಾನು ಹಲ್ಲು ಕಚ್ಚುತ್ತಿದ್ದೆ. ಅಜ್ಜಿ ಮಾತ್ರ ಒಂದು ಹಿಡಿ ಬಿಳಿ ಉಣ್ಣೆ ಕಿತ್ತು ರಾಟಿಗೆ ಹಾಕಿ ನೋಡಿದಳು. ಎಳೆ ನಿಲ್ಲಲಿಲ್ಲ, ಎಳೆದಷ್ಟೂ ಹರಿಯಿತು.

"ಕೋಣಿ ಕೂಸು ಕೊಳೀತು, ಓಣಿ ಕೂಸು ಬೆಳೀತು ಅಂತಾರ. ಇದು ಕೋಣಿ ಕೂಸು ನೋಡ್ಲೇ ತಮ್ಮಾ" ಎಂದಳು.

"ಸುಮ್ನ ಕುಂದ್ರಬೇ ಮುದುಕಿ" ಎಂದ ಅಪ್ಪ. ಅಜ್ಜಿಗೆ ಅವನು ಹೊಡೆಯುತ್ತಿರಲಿಲ್ಲ. ಅವಳ ಪಾಲಿನದು ರಾಟಿಗೆ ಬಿತ್ತು. ಒದ್ದದ್ದಕ್ಕೆ ಅದರ ಒಂದು ಕಾಲು ಮುರಿಯಿತು, ಅಜ್ಜಿ ಅದಕ್ಕೆ ಇಟ್ಟಂಗಿ ಕೊಟ್ಟು ನೂಲುವುದನ್ನು ಮುಂದುವರಿಸಿದಳು.

ಡಾಕ್ಟರು ಮತ್ತೆ ಬರುವ ಹಿಂದಿನ ಸಂಜೆ, ಎಲ್ಲರೂ ಊಟಕ್ಕೆ ಕೂತಿದ್ದಾಗ ಅಪ್ಪ ತಣ್ಣಗೆ ಹೇಳಿದ.

"ನಾಳೆ ಆ ಟಗರಿಂದೂ ಮುಗೀತೈತಿ. ಹೆಸರು ಹೋದ್ರ ಊರಾಗ ಮುಖ ಎತ್ತಾಕ ಆಗಾಂಗಿಲ್ಲ. ಯಾರಾದ್ರೂ ನಡುವ ಬಂದ್ರ ಇಕ್ಕಳ ಅವರಿಗೇ ಹಾಕಸ್ತೀನಿ."

"ನನ್ನ ಮಗಳು ಸತ್ರ ನಿಮ್ಮ ಬಿಳಿ ಮಗ ಬರ್ತಾನೇನು ಹೆಗಲು ಕೊಡಾಕ?" ಎಂದಳು ಅವ್ವ. ಸಾರಿನ ಗಡಿಗೆ ಅವಳ ಮೇಲೆಯೇ ಒಡೆಯಿತು. ಮೊಣಕೈಯ ತನಕ ಸುಟ್ಟ ಕೈಗೆ ಅಜ್ಜಿ ಹುಣಸೆ ಬೀಜದ ಗಂಜಿಯನ್ನೇ ಬಳಿದಳು. ನಾನು ಗೋಡೆಗೆ ಆತು ಕೂತು ನನ್ನ ಉಸಿರನ್ನು ಎಣಿಸಿದೆ. ನಾಳೆ ಇದು ನಿಲ್ಲುತ್ತದೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಸಾಯುವ ಭಯಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟಿದ್ದು ಬೇರೆ. ನಾನು ಸತ್ತ ಮೇಲೂ ಆ ಬಿಳಿಯದು ಚಪ್ಪರದ ಕೆಳಗೆ ಕಡಲೆ ತಿನ್ನುತ್ತ ಇರುತ್ತದಲ್ಲ ಎಂಬುದು.

ಬೆಳಗ್ಗೆ ಅಪ್ಪ ಬಿಳಿ ಟಗರಿಗೆ ಮೈತೊಳೆದು, ಡಾಕ್ಟರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಅಂಗಳದ ನಡುವೆ ಗೂಟಕ್ಕೆ ಕಟ್ಟಿ, ಅವರನ್ನು ಕರೆತರಲು ಬಸ್ಸಿನ ರೋಡಿಗೆ ಹೋದ. ಅವ್ವ ಸುಟ್ಟ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿ ನನ್ನ ಕೈಗೆ ಕೊಟ್ಟಳು. ನಾನು ಹಿತ್ತಲಿಗೆ ಹೋದೆ. ನನ್ನ ಟಗರು ರೊಟ್ಟಿಗೆ ಕತ್ತು ಚಾಚಿತು. ಕೊಡಲಿಲ್ಲ. ಗೂಟದ ಹಗ್ಗ ಬಿಚ್ಚಿ, ಕೊಂಬು ಹಿಡಿದು, ಮನೆಯ ಪಕ್ಕದ ಸಂದಿಯಿಂದ ಅಂಗಳದ ಬಾಯಿಗೆ ತಂದು ನಿಲ್ಲಿಸಿದೆ. ಕುರಿಗಾರರ ಮನೆಯ ಮಗುವಿಗೆ ಯಾರೂ ಕಲಿಸಬೇಕಿಲ್ಲ. ಟಗರಿಗೆ ಇನ್ನೊಂದು ಟಗರನ್ನು ತೋರಿಸಿ ನಾಲ್ಕು ಹೆಜ್ಜೆ ಹಿಂದಕ್ಕೆ ಎಳೆದರೆ ಸಾಕು, ಉಳಿದದ್ದು ಅದಕ್ಕೇ ಗೊತ್ತು. ಎಳೆದೆ, ಬಿಟ್ಟೆ. ಬಿಳಿಯದು ಕಣ್ಣ ಮೇಲಿನ ಉಣ್ಣೆಯೊಳಗೆ ಸುಮ್ಮನೆ ನಿಂತಿತ್ತು, ಬರುವುದನ್ನು ನೋಡಲೇ ಇಲ್ಲ. ಮೊದಲ ಗುದ್ದಿಗೆ ಮೊಣಕಾಲೂರಿತು. ಎದ್ದು ಓಡಲು ಹಗ್ಗ ಬಿಡಲಿಲ್ಲ. ನನ್ನ ಟಗರು ತಾನಾಗಿಯೇ ಹಿಂದೆ ಸರಿದು, ತಲೆ ತಗ್ಗಿಸಿ, ಮತ್ತೆ ಬಂತು. ಒಣ ಕಟ್ಟಿಗೆ ಮುರಿದ ಸದ್ದಾಯಿತು. ಬಿಳಿಯದು ಕತ್ತು ತಿರುಚಿ ಬಿದ್ದು ಕಾಲು ಝಾಡಿಸಿತು. ಮೂಗಿನಿಂದ ಬಂದ ರಕ್ತ ಆ ಬಿಳಿ ಉಣ್ಣೆಗೆ ಹತ್ತಿ ಹರಡಿತು. ನನಗೆ ಸಂತೋಷವಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ಎಷ್ಟು ವರ್ಷ ಪ್ರಯತ್ನಪಟ್ಟರೂ ಆಗಿಲ್ಲ. ಅಪ್ಪನಿಗೆ ಹೊಡೆಯುವಾಗ ಏನಾಗುತ್ತದೆ ಎಂದು ನನಗೆ ಆ ಕ್ಷಣ ತಿಳಿಯಿತು.

ಮೋಟಾರು ಸೈಕಲ್ಲಿನ ಸದ್ದು ಕೇಳಿತು. ಡಾಕ್ಟರ ಹಿಂದೆ ಅಪ್ಪ ಕೂತಿದ್ದ. ಗಾಡಿ ನಿಲ್ಲುವ ಮೊದಲೇ ಹಾರಿ ಇಳಿದ. ಸದ್ದಿಗೆ ಅವ್ವನೂ ಅಜ್ಜಿಯೂ ಹೊರಗೆ ಬಂದಿದ್ದರು.

"ಯಾರು ಬಿಚ್ಚಿದ್ದು?"

ಅವ್ವ ಸತ್ತ ಟಗರನ್ನು ನೋಡಿದಳು. ನನ್ನನ್ನು ನೋಡಿದಳು. ನನ್ನ ಕೈಯಲ್ಲಿ ಮುರಿಯದೆ ಉಳಿದಿದ್ದ ರೊಟ್ಟಿಯನ್ನು ನೋಡಿದಳು. ದಿನವೂ ಆ ಹೊತ್ತಿಗೆ ಅದು ಟಗರಿನ ಹೊಟ್ಟೆಯಲ್ಲಿರಬೇಕಿತ್ತು.

"ನಾನು" ಎಂದಳು ಅವ್ವ.

ಅಪ್ಪ ಕೈಯಲ್ಲಿದ್ದ ಕುರಿ ಕೋಲು ಎಸೆದ. ಬರಿಗೈಯಲ್ಲಿ ಹೋದ. ಮೊದಲನೆಯದು ಬಿದ್ದದ್ದೇ ಎಡಗಿವಿಯ ಮೇಲೆ, ತೆರೆದ ಅಂಗೈಯ ಏಟು. ಅವಳು ಬಿದ್ದಮೇಲೆ ಕೂದಲು ಹಿಡಿದು ಬಿಳಿ ಟಗರಿನ ಸುತ್ತ ಎಳೆದ, ಅದರ ಮುಖಕ್ಕೆ ಅವಳ ಮುಖ ತಾಗಿಸಿದ, "ನೋಡು, ನೋಡು" ಎಂದ. ಡಾಕ್ಟರು ಹಿಂದಿನಿಂದ ಅವನ ನಡು ಹಿಡಿದು ಜಗ್ಗುತ್ತಿದ್ದರು. "ಬಿಡಯ್ಯಾ, ಟಗರು ಸತ್ತಿದ್ದಕ್ಕೆ ಹೆಂಡ್ತೀನ ಸಾಯಿಸ್ತೀಯಾ?" ಅಜ್ಜಿ ಎದೆ ಬಡಿದುಕೊಳ್ಳುತ್ತಿದ್ದಳು. ನಾನು ನಿಂತಿದ್ದೆ. ಕೈಯಲ್ಲಿದ್ದ ರೊಟ್ಟಿಯೇ ನನ್ನನ್ನು ಹಿಡಿದುಕೊಡುತ್ತದೆ ಎಂದು ಭಯವಾಯಿತು. ಅದನ್ನು ಎಸೆಯಲಿಲ್ಲ, ಲಂಗದಲ್ಲಿ ಮುಚ್ಚಿಡಲಿಲ್ಲ. ಬಾಯಿಗೆ ತುರುಕಿಕೊಂಡೆ. ಟಗರಿಗೆ ಹಾಕದ ಮೊದಲ ರೊಟ್ಟಿಯನ್ನು, ಹುಟ್ಟಿದಾಗಿನಿಂದ ಮುರಿಯದ ಕಟ್ಟಳೆಯನ್ನು, ಅವ್ವ ಏಟು ತಿನ್ನುವಷ್ಟು ಹೊತ್ತು ಅಗಿದು ಅಗಿದು ನುಂಗಿದೆ.

ಅಪ್ಪನಿಗೆ ದಣಿವಾದ ಮೇಲೆ ಬುದ್ಧಿ ಬಂತು, ಅದೂ ಸರ್ಕಾರದ ಕಡೆಗೆ ಮಾತ್ರ. ಡಾಕ್ಟರ ಚೀಲದಿಂದ ಇಕ್ಕಳ ತಾನೇ ಕಿತ್ತು ಅವರ ಕೈಗೆ ತುರುಕಿದ. "ಇದರದೂ ಒಡೀರಿ ಸಾಹೇಬ್ರ, ನನ್ನ ಹೆಸರು ತೆಗೀಬ್ಯಾಡ್ರಿ. ಇನ್ನೊಂದು ಕೊಡಿಸ್ರಿ." ನಂತರ ನನ್ನ ಕಡೆ ತಿರುಗಿದ. "ಬಾರಲೇ. ನಿನ್ನ ಹೆಸರಿನ ಟಗರು, ನೀನಾ ಹಿಡಿ." ನಾನು ಕೊಂಬು ಹಿಡಿದೆ. ಹಣೆಯ ಭಂಡಾರಕ್ಕೆ ರಕ್ತ ಬೆರೆತು ನನ್ನ ಅಂಗೈಗೆ ಅಂಟಿತು. ಅದು ಒದ್ದಾಡಲಿಲ್ಲ, ನನ್ನ ಕೈ ಮೂಸಿತು. ರೊಟ್ಟಿಯ ವಾಸನೆ ಇತ್ತಲ್ಲ. ಕಟಕ್ ಎಂದಾಗ ನಾನು ಕಣ್ಣು ಮುಚ್ಚಿದೆ, ಉಸಿರು ನಿಲ್ಲುವುದನ್ನು ಕಾದೆ. ಎರಡನೆಯ ಕಟಕ್ ಆಯಿತು. ನಿಲ್ಲಲಿಲ್ಲ. ನೆಲದ ಮೇಲಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು. ಅವಳ ಎಡಗಿವಿಯಿಂದ ಕತ್ತಿಗೆ ಒಂದು ಕೆಂಪು ಗೆರೆ ಇಳಿದಿತ್ತು. ಡಾಕ್ಟರು ಸತ್ತ ಟಗರಿನ ಕಿವಿಯನ್ನು ಬಿಲ್ಲೆಯ ಸಮೇತ ಅಜ್ಜಿಯ ತುಪ್ಪಟದ ಕತ್ತರಿಯಲ್ಲೇ ಕತ್ತರಿಸಿ, ಪೇಪರಿನಲ್ಲಿ ಸುತ್ತಿಕೊಂಡು ಹೋದರು. ಬಿಲ್ಲೆ ತೋರಿಸದೆ ಟಗರು ಸತ್ತದ್ದನ್ನು ಮೇಲಿನವರು ನಂಬುವುದಿಲ್ಲವಂತೆ. ಇನ್ನೊಂದು ಟಗರು ಬರಲಿಲ್ಲ. ಪಟ್ಟಿಯಲ್ಲಿ ಹೆಸರೂ ಉಳಿಯಲಿಲ್ಲ.

ಊರಿನ ಬೇರೆ ಮನೆಗಳ ಬಿಳಿ ಟಗರುಗಳೂ ಹೆಚ್ಚು ದಿನ ಬಾಳಲಿಲ್ಲ. ಮಳೆಗಾಲ ಬಂದದ್ದೇ ಬಾಯಿ ಊದಿ, ನಾಲಿಗೆ ನೀಲಿಯಾಗಿ ಸತ್ತವು. ಕೆಲವು ವರ್ಷಗಳ ಮೇಲೆ ಇನ್ನೊಬ್ಬ ಡಾಕ್ಟರು ಬಂದು, ಈ ಸೀಮೆಯ ಕರಿ ಟಗರೇ ಗಟ್ಟಿ, ಅದನ್ನೇ ಬೆಳೆಸಲು ಈಗ ನೆರವು ಕೊಡುತ್ತೇವೆ ಎಂದರು. ಬೀಜದ ಟಗರು ಯಾರ ಮನೆಯಲ್ಲಿದೆ ಎಂದು ಕೇಳಿದರು. ಓಣಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಎದ್ದು ಹೊಲದ ಕಡೆ ಹೋದ. ಆ ದಿನ ಅವನು ಯಾರಿಗೂ ಹೊಡೆಯಲಿಲ್ಲ. ಅವನ ಮೇಲೆ ನನಗೆ ಕನಿಕರ ಹುಟ್ಟಿದ್ದು ಅದೊಂದು ದಿನ, ಹುಟ್ಟಿದ್ದಕ್ಕೆ ಸಿಟ್ಟೂ ಬಂತು.

ಅವ್ವ ಬಹಳ ದಿನ ನನ್ನ ಸಾವನ್ನು ಕಾದಳು. ಮಧ್ಯಾಹ್ನ ನಾನು ಚಾಪೆಯ ಮೇಲೆ ಒರಗಿದರೆ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಳು. ಶಾಲೆಯಿಂದ ಬರುವುದು ತಡವಾದರೆ ಓಣಿಯ ತುದಿಯಲ್ಲಿ ನಿಂತಿರುತ್ತಿದ್ದಳು. ನಾನು ಸಾಯಲಿಲ್ಲ. ಅವಳ ಎಡಗಿವಿ ಮಾತ್ರ ಮತ್ತೆ ಕೇಳಲಿಲ್ಲ. ಎರಡು ವರ್ಷ ಬಿಟ್ಟು ಆ ಟಗರನ್ನು ಮೈಲಾರಕ್ಕೆ ಮುಟ್ಟಿಸಿ ಬಂದವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದಳು.

"ನಿನ್ನ ಬಿಟ್ಟು ನನ್ನ ಕಿವಿ ತಗೊಂಡಾನ. ಒಳ್ಳೇದು ಮಾಡ್ಯಾನ ನಮ್ಮಪ್ಪ."

ಅಂದಿನಿಂದ ಆ ಕಿವಿಯನ್ನು ಅವಳು ಒಂದು ಒಡವೆಯ ಹಾಗೆ ಜನಕ್ಕೆ ತೋರಿಸುತ್ತ ಬಂದಿದ್ದಾಳೆ. ದೇವರಿಗೆ ಕೊಟ್ಟದ್ದು ಎನ್ನುತ್ತಾಳೆ. ಅಪ್ಪನ ಹೆಸರು ಎತ್ತುವುದಿಲ್ಲ. ನಾನು ಓದಿ ಹಗರಿಬೊಮ್ಮನಹಳ್ಳಿಯಲ್ಲಿ ಶಾಲೆಯ ಟೀಚರಾದೆ. ಮೊದಲ ವರ್ಷವೇ ಒಂದು ಹುಡುಗಿಯ ಕೆನ್ನೆಗೆ ಹೊಡೆದೆ. ಹೊಡೆದಾಗ ಅಂಗೈಯಲ್ಲಿ ಆ ಅಂಗಳದ ಸಂತೋಷ ಎದ್ದು ಬಂತು. ಆ ಹುಡುಗಿ ಕಿವಿ ಮುಚ್ಚಿಕೊಂಡಳು. ಅಂದಿನಿಂದ ತರಗತಿಯಲ್ಲಿ ಎರಡೂ ಕೈ ಹಿಂದೆ ಕಟ್ಟಿಕೊಂಡೇ ಪಾಠ ಹೇಳುತ್ತೇನೆ. ಮಕ್ಕಳು ನನ್ನನ್ನು ಅಣಕಿಸುವುದೂ ಹಾಗೆಯೇ, ಕೈ ಹಿಂದೆ ಕಟ್ಟಿಕೊಂಡು.

ಅವ್ವ ಈಗ ನನ್ನ ಮನೆಯಲ್ಲಿದ್ದಾಳೆ. ಮೊನ್ನೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಬೇಕೆಂದೇ ಅವಳ ಎಡಕ್ಕೆ, ಕೇಳದ ಕಿವಿಯ ಕಡೆಗೆ ಕೂತೆ. ಇಷ್ಟು ವರ್ಷ ಗಂಟಲಲ್ಲಿ ಕೂತದ್ದನ್ನು ಆ ಕಿವಿಗಾದರೂ ಹೇಳಿಬಿಡೋಣ ಎನ್ನಿಸಿತ್ತು.

"ನಾನಾ ಬಿಚ್ಚಿದ್ದು ಅಂತ ಅವತ್ತು ಹೇಳಬೇಕಿತ್ತವ್ವ ನಾನು."

ಅವ್ವ ಜೋಳ ಕೇರಿದಳು, ಒಂದು ಕಲ್ಲು ಆರಿಸಿ ಎಸೆದಳು. ಕೇಳಲಿಲ್ಲ ಎಂದುಕೊಂಡೆ. ಏಳಲು ಹೋದೆ. ಅವಳು ತಲೆ ಎತ್ತದೆಯೇ ಹೇಳಿದಳು:

"ಬಾಯಿ ತುಂಬ ರೊಟ್ಟಿ ಇಟ್ಕೊಂಡಾಕಿ ಹೆಂಗ ಹೇಳ್ತಿದ್ದಿ ಬಿಡು."